ಎಡಗೈ ದಿಂಬು

ನಮ್ಮ ಕೇಂದ್ರದ ಮೇಜಿನ ಮೇಲೆ ಎರಡು ಗುಂಡಿಗಳಿದ್ದವು. ಒಂದರ ಮೇಲೆ ‘ಬಿಡು’ ಎಂದು ಬರೆದಿತ್ತು, ಇನ್ನೊಂದರ ಮೇಲೆ ‘ತಡಿ’ ಎಂದು. ನಾನು ‘ತಡಿ’ ಒತ್ತಿದೆ. ಒಂದೇ ಮನುಷ್ಯನಿಗೆ, ಒಂದೇ ಮಧ್ಯಾಹ್ನ, ಎರಡು ಸಲ ಒತ್ತಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಕಾರಣ ಹೇಳತೊಡಗಿದರೆ ನೀವು ನನ್ನ ಮೇಲೆ ಕನಿಕರ ಪಟ್ಟೀರಿ. ಅದು ಬೇಡ.

ಜೈಲಿನಿಂದ ಹೊರಬಂದ ನಶೆಯ ಮಂದಿ ಬಿಡುಗಡೆಯಾದ ಹೊಸದರಲ್ಲೇ ಸಾಯುತ್ತಿದ್ದರು. ಒಳಗೆ ವರ್ಷಗಟ್ಟಲೆ ಬದುಕಿದ್ದವರು ಹೊರಗೆ ಎರಡು ವಾರ ಬಾಳುತ್ತಿರಲಿಲ್ಲ. ಬಸ್ ನಿಲ್ದಾಣದ ಹಿಂದೆ, ಮಾರುಕಟ್ಟೆಯ ಕಟ್ಟೆಯ ಮೇಲೆ, ಮೇಲ್ಸೇತುವೆಯ ಕೆಳಗೆ, ಮಲಗಿದವರು ಮಲಗಿದಂತೆಯೇ ಇರುತ್ತಿದ್ದರು. ಯಾಕೆ ಹೀಗೆ ಎಂದು ನದಾಫ್ ಸರ್ ನನಗೆ ತಿಳಿಸಿ ಹೇಳಿದರು. ಇಂಥವರ ಉಸಿರು ಕಾಯುವ ಬಿಲ್ಲೆಯನ್ನು ಕಂಡುಹಿಡಿದ ಇಂಜಿನಿಯರ್ ಅವರೇ, ನಮ್ಮ ಉಸಿರು ಕೇಂದ್ರದ ಮುಖ್ಯಸ್ಥರು.

“ಕಾಶವ್ವಾರ, ಒಳಗ ಇದ್ದಾಗ ಇವರಿಗೆ ಮಾತ್ರಿ ಸಿಗಂಗಿಲ್ಲ. ಮೈ ಅದನ್ನ ಮರೀತೈತಿ. ಆದ್ರ ಕೈ ಮರಿಯಂಗಿಲ್ಲ. ಹೊರಗ ಬಂದವನ ಹಳೇ ಅಳತೀನ ತಗೋತಾನ. ಮೊದಲ ಅಷ್ಟ ತಗೊಂಡ್ರ ಮಲಗ್ತಿದ್ದ. ಈಗ ಅಷ್ಟ ತಗೊಂಡ್ರ ಉಸರ ನಿಲ್ತೈತಿ.”

ಹುಣಸೆ ಬೀಜದಷ್ಟು ದೊಡ್ಡದಾದ ಒಂದು ಬಿಲ್ಲೆ. ಬಿಡುಗಡೆಯ ದಿನ ಅದನ್ನು ಎಡತೋಳಿನ ಒಳಮಗ್ಗುಲಿಗೆ, ಚರ್ಮದ ಕೆಳಗೆ ಕೂರಿಸುತ್ತಿದ್ದೆವು. ಅದು ರಕ್ತವನ್ನು ನೋಡಿ ಉಸಿರು ಲೆಕ್ಕ ಹಾಕುತ್ತಿತ್ತು. ಉಸಿರು ತಗ್ಗಿದರೆ ಕೇಂದ್ರಕ್ಕೆ ಕರೆ ಬರುತ್ತಿತ್ತು. ಬಿಲ್ಲೆಯ ಹೊಟ್ಟೆಯಲ್ಲಿ ನಶೆಯನ್ನು ಇಳಿಸುವ ಮದ್ದು ಒಂದೇ ಒಂದು ಸಲಕ್ಕಾಗುವಷ್ಟು ಇತ್ತು. ನಾವು ‘ಬಿಡು’ ಒತ್ತಿದರೆ ಮದ್ದು ರಕ್ತಕ್ಕೆ ಹೋಗುತ್ತಿತ್ತು, ಮನುಷ್ಯ ಎದ್ದು ಕೂರುತ್ತಿದ್ದ.

ತನ್ನಿಂದ ತಾನೇ ಬಿಡುವಂತೆ ಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮೊದಲು ಹಾಗೆಯೇ ಮಾಡಿದ್ದರು. ಬಿಲ್ಲೆ ಸುಳ್ಳು ಸುಳ್ಳೇ ಮದ್ದು ಬಿಟ್ಟಿತು. ಮೈಯಲ್ಲಿ ಸ್ವಲ್ಪ ನಶೆ ಇಟ್ಟುಕೊಂಡು ಬದುಕುವವನಿಗೆ ಆ ಮದ್ದು ಹೊಕ್ಕರೆ ಎಲುಬು ಮುರಿದಂತೆ ನೋವು, ವಾಂತಿ, ನಡುಕ. ಒಬ್ಬನಂತೂ ಬ್ಲೇಡಿನಿಂದ ತೋಳು ಸೀಳಿಕೊಂಡು ಬಿಲ್ಲೆಯನ್ನು ಚರಂಡಿಗೆ ಎಸೆದ. ಆಮೇಲೆ ಮದ್ದು ಬಿಡುವ ಮೊದಲು ಒಬ್ಬ ಮನುಷ್ಯ ನೋಡಿ ಒಪ್ಪಬೇಕು ಎಂಬ ನಿಯಮ ಬಂತು. ಆ ಮನುಷ್ಯರಲ್ಲಿ ನಾನೊಬ್ಬಳು. ಹಳ್ಳಿಯ ಶಾಲೆಯಲ್ಲಿ ಏಳನೆಯ ಇಯತ್ತೆ ಕಲಿತವಳು, ಹನ್ನೆರಡು ವರ್ಷ ಬೇರೊಂದು ಕಡೆ ಫೋನ್ ಎತ್ತಿದವಳು. ನನ್ನ ದನಿ ಓಣಿಯ ಈ ತುದಿಯಿಂದ ಆ ತುದಿಗೆ ಕೇಳುತ್ತದೆ. ಸಿಟ್ಟು ಮೂಗಿನ ಮೇಲೆಯೇ ಇರುತ್ತದೆ. “ಸಿಟ್ಟಿನ ಹೆಣ್ಣಮಗಳು ಡ್ಯೂಟಿ ಮ್ಯಾಲ ತೂಕಡಿಸಂಗಿಲ್ಲ” ಎಂದು ನದಾಫ್ ಸರ್ ನನ್ನನ್ನು ತೆಗೆದುಕೊಂಡಿದ್ದರು.

ಮನೆ ಇದ್ದವರ ಕರೆ ಮೊದಲು ಮನೆಯವರ ಫೋನಿಗೆ ಹೋಗುತ್ತಿತ್ತು. ಹೆಂಡತಿಯೋ ತಾಯಿಯೋ ಹೋಗಿ ಅಲುಗಾಡಿಸಿ ನೋಡಿ, ಏಳದಿದ್ದರೆ ತಾವೇ ‘ಬಿಡು’ ಅನ್ನುತ್ತಿದ್ದರು. ಮನೆ ಇಲ್ಲದವರ ವಿಳಾಸದ ಜಾಗದಲ್ಲಿ ‘ಬಯಲು’ ಎಂದು ಬರೆಯುತ್ತಿದ್ದೆವು. ಅವರ ಕರೆ ನೇರವಾಗಿ ನಮಗೆ ಬರುತ್ತಿತ್ತು. ಅವರನ್ನು ಅಲುಗಾಡಿಸಿ ನೋಡಲು ಯಾರೂ ಇರಲಿಲ್ಲ.

ದ್ಯಾಮಣ್ಣ ನನ್ನ ತಮ್ಮ. ನನ್ನ ಬೆನ್ನಿಗೆ ಬಿದ್ದವನು ಅವನೊಬ್ಬನೇ. ಲೈನ್‌ಮನ್‌ಗಳ ಕೈಕೆಳಗೆ ಕಂಬ ಹತ್ತುವ ಕೆಲಸ ಮಾಡುತ್ತಿದ್ದ. ನನ್ನ ಗಂಡ ತೀರಿಕೊಂಡಾಗ ಮಗಳು ಸುವರ್ಣಾ ನಾಲ್ಕನೆಯ ಇಯತ್ತೆ. ನನ್ನ ಸಂಬಳ ಸಾಲದೆ ಅವಳ ಶಾಲೆ, ನಮ್ಮ ಒಲೆ ಎಲ್ಲ ನಡೆದದ್ದು ಅವನ ದುಡಿಮೆಯಿಂದ. ನನ್ನ ಮನೆಯ ವೈರಿಂಗ್ ಕೂಡ ಅವನದೇ. ಒಂದು ದಿನ ಕಂಬದಿಂದ ಬಿದ್ದು ಸೊಂಟ ಮುರಿದುಕೊಂಡ. ಡಾಕ್ಟರು ನೋವಿಗೆ ಮಾತ್ರೆ ಬರೆದರು. ಮೂರು ತಿಂಗಳ ನಂತರ ಅವರು ನಿಲ್ಲಿಸಿದರು, ಇವನು ನಿಲ್ಲಿಸಲಿಲ್ಲ. ನೋವು ಅಂತ ಅಳುತ್ತಾನಲ್ಲ ಎಂದು ಅಂಗಡಿಯವನ ಕೈಕಾಲು ಹಿಡಿದು ಚೀಟಿ ಇಲ್ಲದೆ ಮಾತ್ರೆ ತಂದುಕೊಟ್ಟವಳು ನಾನೇ. ಆಮೇಲೆ ಅವನು ಮಾತ್ರೆಯನ್ನು ಕರಗಿಸಿ ಸೂಜಿಯಿಂದ ತಗೊಳ್ಳಲು ಕಲಿತ. ಮನೆಯ ಪಾತ್ರೆ ಹೋದವು. ಕೊನೆಗೆ ತಾಮ್ರದ ತಂತಿ ಕದ್ದು ಸಿಕ್ಕಿಬಿದ್ದು ಹದಿನಾಲ್ಕು ತಿಂಗಳು ಒಳಗೆ ಹೋದ. ನಾನು ಒಂದು ಸಲವೂ ನೋಡಲು ಹೋಗಲಿಲ್ಲ.

ಬಿಡುಗಡೆಯಾಗುವವರ ಪಟ್ಟಿ ಮೂರು ದಿನ ಮೊದಲೇ ನಮಗೆ ಬರುತ್ತಿತ್ತು. ಅದರಲ್ಲಿ ಅವನ ಹೆಸರಿತ್ತು. ಬಿಲ್ಲೆ ಕೂರಿಸುವ ದಿನ ಜೈಲಿನಲ್ಲಿ ಕೂತು ಹೆಸರು ಬರೆದುಕೊಳ್ಳಲು ಕೇಂದ್ರದವರು ಯಾರಾದರೂ ಹೋಗಬಹುದಿತ್ತು. ನಾನು ರಜೆ ಹಾಕಬಹುದಿತ್ತು. ಹಾಕಲಿಲ್ಲ. ಬೇರೆಯವರು ಕೂತರೆ ಇವನು ನನ್ನ ಹೆಸರು, ನನ್ನ ಮನೆ ಹೇಳಿಬಿಡುತ್ತಾನೆ ಎಂದು ನಾನೇ ಹೋಗಿ ಕೂತೆ. ಆಗ ಸುವರ್ಣಾಳಿಗೆ ಗಂಡು ನೋಡುತ್ತಿದ್ದೆವು. ಬೀಗರಾಗುವವರು, “ಹುಡುಗಿಗೆ ಸೋದರಮಾವ ಅದಾನನ್ರಿ?” ಎಂದು ಕೇಳಿದ್ದರು. ನಿಶ್ಚಯದಲ್ಲಿ ಸೋದರಮಾವನಿಗೆ ಒಂದು ಮಣೆ ಹಾಕುವುದು ನಮ್ಮಲ್ಲಿ ಪದ್ಧತಿ. ನಾನು, “ಇಲ್ರಿ, ನನ್ನ ಬೆನ್ನಿಗೆ ಯಾರೂ ಬಿದ್ದಿಲ್ಲ” ಎಂದಿದ್ದೆ.

ಜೈಲಿನ ಆಫೀಸಿನಲ್ಲಿ ಸಾಲು ನಿಂತಿತ್ತು. ಪಕ್ಕದಲ್ಲಿ ನದಾಫ್ ಸರ್ ಕೂತಿದ್ದರು. ಅವನ ಸರದಿ ಬಂತು. ಕೂದಲು ಉದುರಿತ್ತು, ಕಣ್ಣು ಮಾತ್ರ ತಿಳಿಯಾಗಿದ್ದವು. ನನ್ನನ್ನು ನೋಡಿ ನಗಲು ಹೊರಟವನು ನನ್ನ ಮುಖ ನೋಡಿ ನಿಂತ.

“ಹೆಸರು?” ಎಂದೆ.

“ದ್ಯಾಮಣ್ಣ.”

“ವಿಳಾಸ?”

ಅವನು ನದಾಫ್ ಸರ್ ಕಡೆ ನೋಡಿದ, ಮತ್ತೆ ನನ್ನ ಕಡೆ ನೋಡಿದ.

“ಇಲ್ರಿ ಬಾಯಾರ” ಎಂದ, ಗುರುತಿಲ್ಲದ ಆಫೀಸಿನ ಹೆಂಗಸನ್ನು ಕರೆಯುವ ಹಾಗೆ. “ಬಯಲು ಅಂತ ಬರಕೋರಿ.”

ಬರೆದುಕೊಂಡೆ. ನಂಬರು ನಾಲ್ಕುನೂರ ಹದಿನೇಳು. ಗಂಡನ ಮನೆಯ ಅಡ್ಡಹೆಸರು ನನ್ನದು, ಅವನದು ಬೇರೆ. ಯಾರಿಗೂ ಏನೂ ಗೊತ್ತಾಗಲಿಲ್ಲ.

ಬಯಲಿನವರ ಕರೆಗಳು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮಳೆಯ ಹಾಗೆ ಸುರಿಯುತ್ತಿದ್ದವು. ರಾತ್ರಿ ಪೊಲೀಸರು ಎಬ್ಬಿಸಿ ಓಡಿಸುತ್ತಾರೆ. ಹಾಗಾಗಿ ಅವರು ಮಲಗುವುದೇ ಮಧ್ಯಾಹ್ನ. ಆ ಕರೆಗಳಲ್ಲಿ ಹತ್ತಕ್ಕೆ ಒಂಬತ್ತು ಸುಳ್ಳು. ಕಾರಣ ಕಂಡುಹಿಡಿದವಳು ನಾನು. ಬಿಲ್ಲೆಯನ್ನು ಪರೀಕ್ಷೆ ಮಾಡಿದ್ದು ಜೈಲಿನ ಬ್ಯಾರಕ್‌ನಲ್ಲಿ. ಅಲ್ಲಿ ಜಾಗ ಸಾಲದೆ ಎಲ್ಲರೂ ಬಲಮಗ್ಗುಲಾಗಿ, ಒಬ್ಬನ ಬೆನ್ನಿಗೆ ಇನ್ನೊಬ್ಬನ ಎದೆ ಹಚ್ಚಿ ಮಲಗುತ್ತಾರೆ. ಹೊರಳುವುದಾದರೆ ಎಲ್ಲರೂ ಹೊರಳಬೇಕು, ಹಾಗಾಗಿ ಯಾರೂ ಹೊರಳುವುದಿಲ್ಲ. ಎಡತೋಳು ಯಾವಾಗಲೂ ಮೇಲೆ. ಬೀದಿಯಲ್ಲಿ ಮಲಗುವವನು ಹಾಗಲ್ಲ. ಗಂಟನ್ನೋ ಚಪ್ಪಲಿಯನ್ನೋ ತಲೆಯ ಕೆಳಗಿಟ್ಟು, ಅದರ ಮೇಲೆ ಎಡತೋಳು ಮಡಚಿ ದಿಂಬು ಮಾಡಿಕೊಂಡು ಮಲಗುತ್ತಾನೆ. ಯಾರಾದರೂ ಗಂಟಿಗೆ ಕೈ ಹಾಕಿದರೆ ಹಿಡಿಯಲು ಬಲಗೈ ಖಾಲಿ ಇರಬೇಕು. ತಲೆಯ ಭಾರಕ್ಕೆ ತೋಳಿನ ರಕ್ತ ತಡೆದು ನಿಂತಾಗ ಬಿಲ್ಲೆಗೆ ಉಸಿರೇ ತಗ್ಗಿದಂತೆ ಕಾಣುತ್ತದೆ. ಇಷ್ಟೊಂದು ಓದಿದ ಜನ, ಒಬ್ಬರೂ ಫುಟ್‌ಪಾತಿನ ಮೇಲೆ ಒಂದು ಮಧ್ಯಾಹ್ನ ಮಲಗಿ ನೋಡಿರಲಿಲ್ಲ.

“ಎಲ್ಲರ ತೋಳ ಕೊಯ್ದು ಬಿಲ್ಲೆ ಬಲಕ್ಕ ಹಾಕಬೇಕಂದ್ರ ಒಂದ ವರ್ಷ ಹಿಡೀತೈತ್ರಿ” ಎಂದು ನದಾಫ್ ಸರ್ ತಲೆ ಹಿಡಿದುಕೊಂಡರು.

“ಅಲ್ಲಿತನಾ ನಾ ನೋಡ್ಕೋತೀನ್ ಬಿಡ್ರಿ ಸರ್” ಎಂದೆ. ಆ ಕರೆಗಳಿಗೆ ದಿಂಬಿನ ಕರೆ ಎಂದು ಹೆಸರಿಟ್ಟವಳೂ ನಾನೇ. ದಿಂಬಿನ ಕರೆ ಒಮ್ಮೆಲೇ ಕುಸಿಯುತ್ತದೆ. ನಿಜವಾದದ್ದು ಮೆಟ್ಟಿಲು ಇಳಿದ ಹಾಗೆ ಇಳಿಯುತ್ತದೆ. ಇಷ್ಟು ನೋಡಿದರೆ ಸಾಕು ಎಂದು ಉಳಿದವರಿಗೂ ಕಲಿಸಿದೆ. ಸ್ವಲ್ಪ ದಿನ ನೋಡಿದೆವು. ಆಮೇಲೆ ಬಯಲು ಎಂದು ಕಂಡ ಕೂಡಲೇ ಕೈ ತಾನಾಗಿ ‘ತಡಿ’ಗೆ ಹೋಗತೊಡಗಿತು. ತಡೆದರೆ ನಾಲ್ಕು ನಿಮಿಷ ಕರೆ ಸುಮ್ಮನಿರುತ್ತಿತ್ತು. ಅಷ್ಟರಲ್ಲಿ ಮಲಗಿದವನು ಹೊರಳಿರುತ್ತಿದ್ದ.

ಅದಾದ ಮೇಲೆ ಒಂದು ವಿಚಿತ್ರ ಆಯಿತು. ಹಳೇ ಮಾರುಕಟ್ಟೆಯ ಮೇಲ್ಸೇತುವೆಯ ಕೆಳಗೆ ಬಿಲ್ಲೆ ಹಾಕಿದ ಇಪ್ಪತ್ತಾರು ಮಂದಿ ಮಲಗುತ್ತಿದ್ದರು. ಅತಿ ಹೆಚ್ಚು ಸುಳ್ಳು ಕರೆ ಅಲ್ಲಿಂದಲೇ. ಒಂದು ವಾರ ಅಲ್ಲಿಂದ ಕರೆ ಕಡಿಮೆಯಾದವು. ಆಮೇಲೆ ನಿಂತೇ ಹೋದವು. ಆರು ವಾರ ಒಂದೂ ಸುಳ್ಳು ಕರೆ ಇಲ್ಲ. ಬಂದದ್ದು ಎರಡೇ ಕರೆ. ಎರಡೂ ನಿಜವಾದವು, ಎರಡೂ ಜೀವ ಉಳಿದವು. ಮೇಲಿನವರು ಸಭೆ ಕರೆದು ಕಾರಣ ಕೇಳಿದರು. ನನಗೆ ಕಾರಣ ಗೊತ್ತಿರಲಿಲ್ಲ. ಆದರೂ ಎದ್ದು ನಿಂತು, “ನಾನ ಹೋಗಿ ಚಲೋತ್ನಾಗಿ ಬೈದು ಬುದ್ಧಿ ಹೇಳಿ ಬಂದೀನ್ರಿ” ಎಂದೆ. ಎಲ್ಲರೂ ನಕ್ಕರು, ನಂಬಿದರು. ನನ್ನ ಬಾಯಿ ಅಂಥದ್ದು. ಒಂದು ಪ್ರಶಂಸಾ ಪತ್ರ ಕೊಟ್ಟರು. ಚೌಕಟ್ಟು ಹಾಕಿಸಿ ಬೀಗರ ಕಣ್ಣಿಗೆ ಬೀಳುವ ಕಡೆ ಮೊಳೆ ಹೊಡೆದೆ. ಮೇಲ್ಸೇತುವೆಯ ಕೆಳಗೆ ನಾನು ಒಂದು ದಿನವೂ ಕಾಲಿಟ್ಟಿರಲಿಲ್ಲ. ನಾಲ್ಕುನೂರ ಹದಿನೇಳು ಅಲ್ಲಿದ್ದ.

ನಿಶ್ಚಯದ ಹಿಂದಿನ ದಿನ ಬೆಳಿಗ್ಗೆ ಪೆಂಡಾಲದ ಮಹಾಂತೇಶ ಲೈಟು ಕಟ್ಟಲು ಆಳುಗಳನ್ನು ಕರೆತಂದ. ನಾನು ಹಿಟ್ಟು ಕಲಸುತ್ತಿದ್ದವಳು ಹೊರಗೆ ಬಂದು ನೋಡಿದರೆ ಏಣಿಯ ಮೇಲೆ ನನ್ನ ತಮ್ಮ ದ್ಯಾಮ್ಯಾ. ತೊಳೆದ ಅಂಗಿ, ಗುಂಡಿ ಕುತ್ತಿಗೆಯವರೆಗೂ ಹಾಕಿದ್ದ, ಕಿಸೆಯಲ್ಲಿ ಟೆಸ್ಟರ್. ಬಾಗಿಲ ಮೇಲಿನ ಅರ್ಧ ಸಾಲು ಆಗಲೇ ಕಟ್ಟಿ ಮುಗಿಸಿದ್ದ. ವೈರು ಎಲ್ಲಿಂದ ಎಳೆಯಬೇಕು ಎಂದು ಯಾರನ್ನೂ ಕೇಳುವ ಅಗತ್ಯ ಅವನಿಗಿರಲಿಲ್ಲ.

ನನ್ನನ್ನು ನೋಡಿ ಮೆಲ್ಲಗೆ, “ಬಾಯಾರ, ಮೇನ್ ಸ್ವಿಚ್ ಒಂದಿಷ್ಟ ಆರಿಸ್ತೀರೇನ್ರಿ?” ಎಂದ. ಅಷ್ಟೇ. ಅಕ್ಕ ಅನ್ನಲಿಲ್ಲ, ನಗಲಿಲ್ಲ. ಆಳಾಗಿ ಬಂದು, ಆಳಾಗಿ ಲೈಟು ಕಟ್ಟಿ, ಆಳಾಗಿ ಹೋಗುವವನಿದ್ದ.

ನಾನು ಸ್ವಿಚ್ಚಿನ ಕಡೆ ಹೋಗಲಿಲ್ಲ. ಮಹಾಂತೇಶನನ್ನು ಗೋಡೆಯ ಹಿಂದೆ ಕರೆದೆ. “ಆ ಏಣಿ ಮ್ಯಾಲಿನ ಮನುಷ್ಯಾ ಬ್ಯಾಡ. ಜೈಲಿಗೆ ಹೋಗಿ ಬಂದಾವ ಅಂವ. ಮನ್ಯಾಗ ಬಂಗಾರ ಐತಿ. ಬ್ಯಾರೇದವರನ್ನ ಕಳಸು.”

“ಅಯ್ಯ ಅಕ್ಕಾರ, ಒಂದ ತಿಂಗಳಾತು, ಬಂಗಾರದಂಥಾ ಕೆಲಸಾ ಮಾಡ್ತಾನ್ರಿ. ಈ ಮನಿ ಕೆಲಸಕ್ಕ ನಾ ಹೋಗ್ತೀನಿ ಅಂತ ತಾನ ಕೇಳ್ಕೊಂಡ ಬಂದಾನ.”

“ಹಂಗಾರ ನಿನ್ನ ಪೆಂಡಾಲೂ ಬ್ಯಾಡ ನನಗ.”

ಏಣಿಯ ಮೇಲಿದ್ದವನಿಗೆ ಕೇಳಿಸಿತು. ನನ್ನ ದನಿ ಅಂಥದ್ದು. ಅವನು ಹಲ್ಲಲ್ಲಿ ಹಿಡಿದಿದ್ದ ಟೇಪಿನ ತುಂಡನ್ನು ತೆಗೆದು ವೈರಿಗೆ ಸುತ್ತಿ, ಬಿಚ್ಚದ ಹಾಗೆ ಒತ್ತಿ, ಕೆಳಗಿಳಿದು ಹೋದ. ಮಹಾಂತೇಶ ಅವನ ಜೊತೆ ಏನೋ ಮಾತಾಡಿದ. ಮರುದಿನದಿಂದ ಬರಬೇಡ ಎಂದಿದ್ದ ಎಂದು ಆಮೇಲೆ ತಿಳಿಯಿತು. ನನ್ನಂಥ ಗಿರಾಕಿಗಳು ಊರಲ್ಲಿ ಬಹಳ.

ಮಧ್ಯಾಹ್ನ ಅರ್ಧ ದಿನದ ಡ್ಯೂಟಿಗೆ ಹೋದೆ. ಎರಡು ಗಂಟೆ ನಲವತ್ತು ನಿಮಿಷಕ್ಕೆ ಮೇಲ್ಸೇತುವೆಯ ಜಾಗದಲ್ಲಿ ಒಂದು ಚುಕ್ಕೆ ಕೆಂಪಗಾಯಿತು. ನಾಲ್ಕುನೂರ ಹದಿನೇಳು. ಬಯಲು.

ಉಸಿರು ನಿಮಿಷಕ್ಕೆ ಹತ್ತು ಇತ್ತು. ಒಂಬತ್ತಾಯಿತು. ಸ್ವಲ್ಪ ನಿಂತು ಎಂಟಾಯಿತು. ಮೆಟ್ಟಿಲು. ನನಗೆ ಕಂಡಿತು. ಕಾಣಲಿಲ್ಲ ಎಂದು ಆಮೇಲೆ ನಡೆದ ವಿಚಾರಣೆಯಲ್ಲಿ ಹೇಳಿದ್ದೇನೆ, ಅದು ಸುಳ್ಳು. ಬೆಳಿಗ್ಗೆಯ ಸಿಟ್ಟು ಇನ್ನೂ ತಲೆಯಲ್ಲಿತ್ತು. ನನ್ನ ಬಾಗಿಲಿಗೆ ಬಂದು ನನ್ನನ್ನು ಹೆದರಿಸಿದ, ಈಗ ಇಲ್ಲಿಗೂ ಬಂದ ಎನಿಸಿತು. ದಿಂಬಿನ ಕರೆ ಎಂದು ನನಗೆ ನಾನೇ ಹೇಳಿಕೊಂಡು ‘ತಡಿ’ ಒತ್ತಿದೆ.

ನಾಲ್ಕು ನಿಮಿಷಕ್ಕೆ ಮತ್ತೆ ಕೂಗಿತು. ಉಸಿರು ಐದು. ಮತ್ತೆ ಒತ್ತಿದೆ.

ಮೊದಲನೆಯದನ್ನು ಅಭ್ಯಾಸಬಲ ಅನ್ನಬಹುದು. ಎರಡನೆಯದಕ್ಕೆ ನನ್ನ ಹತ್ತಿರ ಹೆಸರಿಲ್ಲ.

ಮೂರನೆಯ ಸಲ ಕೂಗುವಾಗ ನದಾಫ್ ಸರ್ ಚಹಾ ಹಿಡಿದುಕೊಂಡು ಹಿಂದಿನಿಂದ ಹಾದುಹೋಗುತ್ತಿದ್ದವರು ನಿಂತರು. “ಕಾಶವ್ವಾರ, ಮೇಲ್ಸೇತುವಿ ಕೆಳಗ ಆರು ವಾರದಿಂದ ಒಂದೂ ಸುಳ್ಳ ಕರೆ ಇಲ್ಲ. ಇವತ್ತ್ಯಾಕ ಬಂತು?”

“ಮಕ್ಕೊಂಡಿರ್ತಾನ ಬಿಡ್ರಿ ಸರ್.”

ಅವರು ನನ್ನ ಹೆಗಲ ಮೇಲಿಂದ ಕೈ ಚಾಚಿ ‘ಬಿಡು’ ಒತ್ತಿದರು. ಚಹಾ ನನ್ನ ಸೀರೆಯ ಮೇಲೆ ಚೆಲ್ಲಿತು. ಮೊದಲ ಕರೆಯಿಂದ ಅಲ್ಲಿಯವರೆಗೆ ಒಂಬತ್ತು ನಿಮಿಷವಾಗಿತ್ತು. ನಾನು ಎದ್ದು ಓಡಿದೆ.

“ಗಾಡಿ ಕಳಸೀನ್ರಿ, ನೀವ್ಯಾಕ ಓಡ್ತೀರಿ?” ಎಂದು ಕೂಗಿದರು.

“ನೋಡ್ಕೊಂಡ ಬರ್ತೀನ್ರಿ” ಎಂದೆ. ಆಗಲೂ ಅಷ್ಟೇ ಹೇಳಿದೆ.

ಮೇಲ್ಸೇತುವೆಯ ಕೆಳಗೆ ಸೋಮಲೆಪ್ಪ ಎಂಬ ಮುದುಕ ದ್ಯಾಮ್ಯಾನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಲಂಬಾಣಿ ತಾಂಡಾದವನು, ಎಂಟು ವರ್ಷ ಜೈಲು ಕಂಡವನು. ತಮ್ಮನ ತುಟಿ ನೀಲಿ, ಎದೆ ಏರಿಳಿಯುತ್ತಿತ್ತು. ಮದ್ದು ಹತ್ತಿತ್ತು, ಕಣ್ಣು ಮಾತ್ರ ತೆರೆದಿರಲಿಲ್ಲ.

ಸೋಮಲೆಪ್ಪ ನನ್ನ ಕೊರಳಲ್ಲಿದ್ದ ಕೇಂದ್ರದ ಗುರುತಿನ ಚೀಟಿ ನೋಡಿದ. “ಬಂದ್ರೇನ್ರಿ? ಇಷ್ಟೊತ್ತು ಏನ ಮಾಡಾಕತ್ತಿದ್ರಿ? ಮಂದಿ ಉಸರ ಎಣಿಸೋದು ಬಿಟ್ಟು ಶೇಂಗಾ ಎಣಸ್ತಿದ್ರೇನು?”

ನಾನು ಬಗ್ಗಿ ತಮ್ಮನ ಮೂಗಿನ ಹತ್ತಿರ ಕೈ ಹಿಡಿದೆ.

“ನಾನೂ ಮಕ್ಕೊಂಡಿದ್ದೆ. ತಪ್ಪ ನನ್ನದೂ ಐತಿ. ದಿನಾ ಇಂವನ ಎಚ್ಚರ ಇರ್ತಿದ್ದ. ಊಟ ಆದ ಮ್ಯಾಲ ನಾವೆಲ್ಲಾ ಮಕ್ಕೊಂಡ್ರ ಇಂವ ಈ ತುದಿಯಿಂದ ಆ ತುದಿಗೆ ಅಡ್ಡಾಡೋದು. ಎಡಗೈ ಮ್ಯಾಲ ತಲಿ ಇಟ್ಟವರನ್ನ ಹಿಡದು ಬಲಕ್ಕ ಹೊರಳಸೋದು. ಎಡಗೈ ಒತ್ತಿದ್ರ ಸುಳ್ಳ ಗಂಟಿ ಹೊಡೀತೈತಿ ಅಂತ ನಿಮ್ಮ ಗಾಡಿಯವರ ಇಂವಗ ಹೇಳಿದ್ರಂತ. ‘ಹೊಳ್ಳಲೇ ಮಗನ, ಇದು ಜೈಲು ಅಂತ ತಿಳಕೋ’ ಅಂತಿದ್ದ. ಗಂಟು ನಾ ಕಾಯ್ತೀನಿ, ನೀವು ಕೈ ತಗೀರಿ ಅಂತಿದ್ದ. ಕೆಲಸಾ ಸಿಕ್ಕ ಮ್ಯಾಲೂ ಮಧ್ಯಾಹ್ನದ ರೊಟ್ಟಿ ಹೊತ್ತಿಗೆ ಇದಕ್ಕಂತನ ಓಡಿ ಬರಾಂವ.”

“ಯಾಕ?” ಎಂದೆ. ಕೇಳುವ ಅಗತ್ಯವಿರಲಿಲ್ಲ.

“ಅವನ ಅಕ್ಕ ನಿಮ್ಮ ಆಫೀಸಿನ್ಯಾಗ ಅದಾಳಂತ. ‘ಸುಳ್ಳ ಗಂಟಿ ಭಾಳ ಬಾರಿಸಿದ್ರ ಆಕಿ ತಲಿ ಕೆಡ್ತೈತಿ. ನಾವ ಸುಳ್ಳ ಬಾರಸಲಿಲ್ಲ ಅಂದ್ರ, ಖರೇ ಗಂಟಿಗೆ ಆಕಿ ಹೌದಂತಾಳ’ ಅಂತಿದ್ದ. ಹೊರಗ ಬಂದಾಗಿಂದ ಸೂಜಿ ಮುಟ್ಟಿದ್ದಿಲ್ಲ ನೋಡ್ರಿ. ಇವತ್ತ ಮುಂಜಾನೆ ಕೆಲಸಾ ಹೋತು ಅಂತ ಬಂದು ಹಂಗ ಕುಂತ. ಯಾಕಂದ್ರ ಹೇಳಲಿಲ್ಲ.” ಮುದುಕ ತಲೆಯೆತ್ತಿದ. “ಆಕಿ ಯಾರ ಅಂತ ನಿಮಗ ಗೊತ್ತೇನ್ರಿ?”

ಅಷ್ಟರಲ್ಲಿ ಗಾಡಿ ಬಂತು. ನಾನು ಉತ್ತರ ಕೊಡುವುದು ತಪ್ಪಿತು. ಗಾಡಿ ಬಂದದ್ದಕ್ಕೆ ನನಗೆ ಸಮಾಧಾನವಾಯಿತು. ತಮ್ಮ ಉಳಿದಾನು ಎಂದಲ್ಲ, ಉತ್ತರ ಉಳಿಯಿತು ಎಂದು.

ಜೀವ ಉಳಿಯಿತು. ಆದರೆ ಮೆದುಳಿಗೆ ಬಹಳ ಹೊತ್ತು ಗಾಳಿ ಸಾಲದೆ ಹೋಗಿತ್ತು. ಬಲಗೈ ಮಾತು ಕೇಳುವುದಿಲ್ಲ, ಇನ್ನು ಕಂಬ ಹತ್ತುವಂತಿಲ್ಲ, ಮಾತೂ ಮೊದಲಿನಂತೆ ಬರುವುದು ಅನುಮಾನ ಎಂದರು. ಸಂಜೆ ಸುವರ್ಣಾಳ ಫೋನ್ ಬಂತು.

“ಅವ್ವಾ, ಲೈಟ್ ಅರ್ಧಾ ಮನಿಗಷ್ಟ ಹತ್ತಾಕತ್ತಾವು. ಅರ್ಧಾ ಹಂಗ ಐತಿ. ಮಹಾಂತೇಶಣ್ಣ ಮತ್ತ ಯಾರನ್ನೂ ಕಳಸಲೇ ಇಲ್ಲ.”

“ಇರಲಿ ಬಿಡು.”

“ಮುಂಜಾನೆ ಬಂದಾಂವ ಮಾಮಾ ಅಲ್ಲೇನು? ನಾ ಮಾಳಿಗಿ ಮ್ಯಾಲಿಂದ ನೋಡಿದೆ. ಕೆಳಗ ಇಳದು ಬರೂದ್ರಾಗ ನೀ ಕಳಿಸಿಬಿಟ್ಟಿದ್ದಿ.” ಸ್ವಲ್ಪ ತಡೆದು, “ಅವನ ಮಣೀ ಮ್ಯಾಲ ಯಾರನ್ನ ಕುಂಡ್ರಸಾಕಿ ಇದ್ದಿ ನೀನು?” ಎಂದಳು.

ಅವಳಿಗಾಗಿ ಮಾಡಿದೆ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಅದೂ ಹೋಯಿತು.

ಮರುದಿನ, ನಿಶ್ಚಯದ ದಿನ, ಬೆಳಿಗ್ಗೆ ವಾರ್ಡಿನಲ್ಲಿ ನರ್ಸ್ ಅರ್ಜಿ ಹಿಡಿದುಕೊಂಡು ಬಂದಳು. ದೊಡ್ಡ ವಾರ್ಡು, ನಲವತ್ತು ಮಂಚ. ಭೇಟಿಯ ಹೊತ್ತು, ಮಂಚಕ್ಕೊಂದು ಸಂಸಾರ ನಿಂತಿತ್ತು. ಬಾಗಿಲ ಹತ್ತಿರದ ಮಂಚದ ಬಳಿ ನಮ್ಮ ಓಣಿಯ ಇಬ್ಬರು ಹೆಂಗಸರಿದ್ದರು. ದ್ಯಾಮ್ಯಾ ಕಣ್ಣು ಬಿಟ್ಟು ಮಲಗಿದ್ದ. ಇವತ್ತು ಯಾವ ವಾರ ಎಂದು ಡಾಕ್ಟರು ಕೇಳಿದ್ದರು, ಅವನಿಗೆ ಗೊತ್ತಿರಲಿಲ್ಲ. ಚಮಚ ತೋರಿಸಿ ಇದೇನು ಎಂದರೆ ನೋಡುತ್ತಲೇ ಇದ್ದ.

“ಪೇಶಂಟಿಗೆ ನೀವು ಯಾರಾಗಬೇಕ್ರಿ?” ಎಂದಳು ನರ್ಸ್.

ನಾನು ಬಾಯಿ ತೆರೆಯುವ ಮೊದಲೇ ದ್ಯಾಮ್ಯಾ ತುಟಿ ಅಲುಗಿಸಿದ. ನಾಲಿಗೆ ದಪ್ಪಗಾಗಿತ್ತು. ಒಂದೊಂದೇ ಅಕ್ಷರ ಹುಡುಕಿ ತಂದ.

“ಬಾ... ಬಾಯಾರು. ಆ... ಆಫೀಸಿನ ಬಾಯಾರು.”

ವಾರ ಮರೆತಿದ್ದ, ಚಮಚ ಮರೆತಿದ್ದ. ನಾನು ಕಲಿಸಿದ್ದನ್ನು ಮರೆತಿರಲಿಲ್ಲ.

“ಅಕ್ಕ” ಎಂದೆ.

“ಏನ್ರಿ?”

“ನಾ ಅವನ ಅಕ್ಕ ಅದೀನ್ರಿ.”

“ವಿಳಾಸ ಹೇಳ್ರಿ ಹಂಗಾದ್ರ.” ಪೆನ್ನು ಕಾಗದಕ್ಕೆ ಹಚ್ಚಿದಳು.

ಹೇಳಿದೆ. ಮನೆಯ ನಂಬರು, ಓಣಿಯ ಹೆಸರು, ಎಲ್ಲ.

“ಗದ್ಲ ಭಾಳ ಐತ್ರಿ ಇಲ್ಲಿ. ಒಂದಿಷ್ಟ ಜೋರಾಗಿ ಹೇಳ್ರಿ.”

ಬಾಗಿಲ ಕಡೆ ನೋಡಿದೆ. ಓಣಿಯ ಹೆಂಗಸರು ಈಗ ಇತ್ತಲೇ ತಿರುಗಿದ್ದರು. ಮತ್ತೊಮ್ಮೆ ಹೇಳಿದೆ. ಈ ಸಲ ಜೋರಾಗಿಯೇ ಹೇಳಿದೆ ಎಂದುಕೊಂಡಿದ್ದೆ. ನರ್ಸ್ ಕಿವಿ ಮುಂದೆ ಮಾಡಿ ನನ್ನ ಹತ್ತಿರ ಬಾಗಿದಳು.

“ಇನ್ನೂ ಜೋರಾಗಿ” ಎಂದಳು.